ಕಿಟಕಿಯಾಚೆಯ ಫ್ರೆಂಚ್

“ಭರಮೀ, ತಳಾ ನೋಡಲ್ಲಿ, ನಿನ್ನ ಮಾರೀಗತೆ ಕರ್ರಗ ಐತಿ,” ಎಂದು ಕುಮುದಿನಿಬಾಯಿ ನಾನು ತಿಕ್ಕುತ್ತಿದ್ದ ಪಾತೇಲಿಯನ್ನು ಕಾಲಿನಿಂದ ನನ್ನತ್ತ ನೂಕಿದಳು. ನಾನು ಮತ್ತೆ ಬೂದಿ ಹಚ್ಚಿದೆ. ಬೆಳಗಾವಿಯ ಟಿಳಕವಾಡಿಯ ಆ ಮನೆಯಲ್ಲಿ ನಾನು ತೊಳೆದಿಟ್ಟ ಪಾತ್ರೆ ನೆಟ್ಟಗೆ ಅಡಿಗೆಮನೆಗೆ ಹೋಗುತ್ತಿರಲಿಲ್ಲ. ಬಾಯಿ ಅದರ ಮೇಲೆ ತಂಬಿಗೆ ನೀರು ಹೊಯ್ದು, ನನ್ನ ಕೈಯ ಮೈಲಿಗೆ ತೊಳೆದು, ಆಮೇಲೆ ಒಳಗೆ ಒಯ್ಯುತ್ತಿದ್ದಳು.

ಎಪ್ಪತ್ತೊಂಬತ್ತರ ಮಾತು. ಬಾಯಿಯ ಗಂಡ ಮಾರ್ತಾಂಡ ಸರ್, ನನ್ನ ಮಗಳು ಸುಮನ್ ಓದುತ್ತಿದ್ದ ಕಾಲೇಜಿನಲ್ಲಿ ಫ್ರೆಂಚ್ ಕಲಿಸುವವರು. ಪರದೇಶದ ಒಂದು ಭಾಷೆ ಪಾಸಾಗದಿದ್ದರೆ ಡಿಗ್ರಿ ಇಲ್ಲ ಎಂದು ಕಾಲೇಜಿನ ನಿಯಮ. ಹುಡುಗರು ಕಡಿಮೆ ಎಂದು ಸರ್ ತಮ್ಮ ಪಡಸಾಲೆಯಲ್ಲೇ ತರಗತಿ ನಡೆಸುತ್ತಿದ್ದರು. ಪಡಸಾಲೆಗೆ ಹತ್ತಿಕೊಂಡೇ ದೇವರಮನೆ. ಹೀಗಾಗಿ ಸುಮನ್ ಹಿತ್ತಲಲ್ಲಿ, ಕಿಟಕಿಯ ಕೆಳಗೆ, ನಾನು ಬಟ್ಟೆ ಒಗೆಯುವ ಕಲ್ಲಿನ ಮೇಲೆ.

“ಕಿಡಕಿ ತಗದೇನಲ್ಲ, ಕೇಳಸ್ತೈತಿ,” ಎಂದಿದ್ದರು ಸರ್.

ಮೊದಲ ಪಾಠ, ಮನೆಗೆ ಬಂದವರನ್ನು ಕರೆಯುವುದು. ಒಳಗೆ ಹುಡುಗರು “ಆಂತ್ರೇ, ಅಸೇಯೇ ವೂ” ಎಂದು ರಾಗ ಎಳೆದರೆ, ಹೊರಗೆ ಬಿಸಿಲಲ್ಲಿ ಸುಮನ್ ಕೂಡ ಎಳೆದಳು. ಹಾಗೆಂದರೇನೇ ಎಂದು ಕೇಳಿದೆ.

“ಒಳಗ ಬರ್ರಿ, ಕುಂದರ್ರಿ ಅಂತವ್ವಾ.”

ಇಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆವು.

ಹಾಜರಿ ಮಾತ್ರ ಒಳಗೆ ಕೂತವರಿಗೆ. ಹೊರಗಿನಿಂದ ಎಷ್ಟು ಓಗೊಟ್ಟರೂ ಸುಮನ್ ಹೆಸರಿಗೆ ಗೈರು. ಕೇಳಿದಾಗೆಲ್ಲ ಸರ್, ನೋಡೋಣ ಎನ್ನುತ್ತಿದ್ದರು. ನಾವು ದಿನಾ ರೈಲು ಹತ್ತಿ ಬರುತ್ತಿದ್ದ ಖಾನಾಪುರದ ನಮ್ಮ ಕೇರಿಯ ರಾತ್ರಿಶಾಲೆಯಲ್ಲಿ ಮುಪ್ಪಿಗೆ ಅಕ್ಷರ ಕಲಿತವಳು ನಾನು. ಈ ಹಾಜರಿಯ ಸಂಗತಿ ತಿಳಿಸಿ ಧಾರವಾಡದ ವಿಶ್ವವಿದ್ಯಾಲಯಕ್ಕೆ ಒಂದು ಕಾಗದ ಬರೆದೆ. ಸುಮನ್ ಕೈ ಹಿಡಿದುಕೊಂಡಳು. ಸರ್ ಸಿಟ್ಟಾದರೆ ಇದ್ದದ್ದೂ ಹೋಗುತ್ತದೆ, ಕಳಿಸಬೇಡ ಎಂದಳು. ಮಳೆಗಾಲ ಹೋಯಿತು, ಚಳಿ ಹೋಯಿತು, ಕಾಗದ ಅಕ್ಕಿ ಡಬ್ಬಿಯ ತಳದಲ್ಲೇ ಉಳಿಯಿತು. ತಡೆದುಕೊಳ್ಳುವುದನ್ನು ನನಗೆ ಯಾವ ಶಾಲೆಯೂ ಕಲಿಸಬೇಕಿರಲಿಲ್ಲ.

ಪಾತೇಲಿ ತಿಕ್ಕುತ್ತಿದ್ದ ಆ ದಿನ ಸುಮನ್ ಕಾಲೇಜಿನಿಂದ ಹಿತ್ತಲಿಗೆ ಬಂದು ಕಲ್ಲಿನ ಮೇಲೆ ಕುಸಿದಳು. ಪರೀಕ್ಷೆಗೆ ಕೂರುವವರ ಪಟ್ಟಿ ಹಚ್ಚಿದ್ದರು. ಅವಳ ಹೆಸರಿರಲಿಲ್ಲ. ಫ್ರೆಂಚಿಗೆ ಹಾಜರಿ ಸಾಲದಂತೆ. ನಾನು ಬೂದಿಗೈಯಲ್ಲೇ ಕಿಟಕಿಗೆ ಹೋಗಿ ಸರ್ ಅವರನ್ನು ಕೇಳಿದೆ.

“ಕ್ಲಾಸಿನ್ಯಾಗ ಕುಂತವ್ರಿಗೆ ಹಾಜರಿ. ಈಕಿ ಎಲ್ಲಿ ಕುಂತಿದ್ಲು?”

“ನೀವು ಕುಂದ್ರಸಿದಲ್ಲೇರಿ.”

“ನಿಮಗ್ಯಾಕ ಬೇಕ ಫ್ರೆಂಚ? ಕೇರ್ಯಾಗ ಯಾರ ಸಂಗಾಟ ಮಾತಾಡ್ತಾಳ, ಹಂದಿ ಸಂಗಾಟ?”

ಒಳಗೆ ಬಾಯಿ ನಕ್ಕಳು.

“ಭಾಡ್ಯಾ,” ಎಂದು ಬೈದೆ. ಮೆಲ್ಲಗೇ ಎಂದೆ. ಕಿಟಕಿ ತೆರೆದೇ ಇತ್ತು, ಕೇಳಿಸಿತು.

ಬೂದಿ ಮೆತ್ತಿದ ಪಾತ್ರೆಗಳನ್ನು ಹಿತ್ತಲಲ್ಲೇ ಬಿಟ್ಟು ಮಗಳ ಕೈ ಹಿಡಿದು ಸ್ಟೇಶನ್ನಿಗೆ ನಡೆದೆ. ಖಾನಾಪುರದ ರೈಲು ಹತ್ತಿದೆವು. ಮನೆಯಲ್ಲಿ ಅಕ್ಕಿ ಡಬ್ಬಿಯನ್ನು ಮೊರಕ್ಕೆ ಬೋರಲು ಹಾಕಿದವಳು ಸುಮನ್. ಕಾಗದ ಜಾಡಿಸಿ ಅವಳೇ ನನ್ನ ಕೈಗಿಟ್ಟಳು.

ಮರುದಿನ ಪೋಸ್ಟಾಫೀಸಿನ ಕಲ್ಲಯ್ಯ ಅಂಚೆಚೀಟಿ ಹರಿದುಕೊಟ್ಟು, “ಅಂಟ ಅಲ್ಲೈತಿ ನೋಡ, ಬಟ್ಟಲದಾಗ,” ಎಂದ.

“ಇರಲಿ ಬಿಡೋ ಯಪ್ಪಾ.”

ನಾಲಿಗೆ ಪೂರಾ ಚಾಚಿ ಚೀಟಿಗೆ ಎಂಜಲು ಹಚ್ಚಿದೆ, ಲಕೋಟೆಯ ಮೇಲಿಟ್ಟು ಹೆಬ್ಬೆಟ್ಟಿನಿಂದ ಒತ್ತಿದೆ. ಧಾರವಾಡದಲ್ಲಿ ನೀರು ಹೊಯ್ದು ಒಳಗೆ ಒಯ್ಯುವವರಿದ್ದರೆ ಒಯ್ಯಲಿ. ಕೆಂಪು ಡಬ್ಬಿಯೊಳಗೆ ಅದು ಬಿದ್ದ ಸಪ್ಪಳ ಕೇಳುವ ತನಕ ಕೈ ಹೊರಗೆ ತೆಗೆಯಲಿಲ್ಲ.