ಸೊಂಡಿಲಿಗೆ ಒಂದು ಗೇಣು ಹೆಚ್ಚು

ಅಳತೆ ತೆಗೆಯುವಾಗ ಹೊಟ್ಟೆ ತುಂಬಿರಬೇಕು, ಮದುಮಗನಾದರೂ ಸರಿ, ಬೋಟಾದರೂ ಸರಿ. ಅಬ್ದುಲ್ ರಹ್ಮಾನ್ ತನ್ನ ಗಾಳಿ ಬೋಟನ್ನು ಚಾಪೆಯಂತೆ ಸುತ್ತಿ ಅಜ್ಜಾವರದ ನನ್ನ ಟೈಲರ್ ಅಂಗಡಿಯೆದುರು ಇಳಿಸಿದಾಗ ನಾನು ಟೇಪು ಮುಟ್ಟಲೇ ಇಲ್ಲ. ಮೊದಲು ಪಕ್ಕದ ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿಕೊಂಡು ಬಾ ಎಂದೆ.

ಗಲ್ಫ್ ಬಿಟ್ಟು ಬರುವಾಗ ಅವನು ತಂದ ಬೋಟದು. ಹಿಂಬದಿಯ ಹಲಗೆಯ ಬುಡದಲ್ಲಿ ಒಂದು ತೂತು, ಅದಕ್ಕೆ ಹೊರಗಿನಿಂದ ಸೊಂಡಿಲಿನಂಥ ಬಟ್ಟೆಯ ಕೊಳವೆ. ದಡದಲ್ಲಿ ಸೊಂಡಿಲು ಇಳಿಬಿಟ್ಟರೆ ಒಳಗಿನ ನೀರು ಹೊರಗೆ ಹೋಗುತ್ತದೆ. ಹೊಳೆಯಲ್ಲಿ ಅದನ್ನು ಮೇಲೆತ್ತಿ ಕಟ್ಟದಿದ್ದರೆ ಹೊಳೆಯೇ ಒಳಗೆ ಬರುತ್ತದೆ. ಹಳೆಯ ಸೊಂಡಿಲು ಬಿಸಿಲಿಗೆ ಹರಿದಿತ್ತು, ಹೊಸದು ಎಲ್ಲೂ ಸಿಕ್ಕಿರಲಿಲ್ಲ.

ಕಳೆದ ಸಲ ಅವನ ತಾಯಿ ಕದೀಜಮ್ಮ ಸೊಂಟದವರೆಗೆ ಒದ್ದೆಯಾಗಿ ಅರ್ಧ ಹೊಳೆಯಿಂದ ವಾಪಸು ಬಂದಿದ್ದರು. ಆಚೆ ದಡದಲ್ಲಿ ಅವರ ತಂಗಿ ರುಖಿಯಮ್ಮನ ಮನೆ, ಭಾನುವಾರ ಅಲ್ಲಿ ತಂಗಿಯ ಮೊಮ್ಮಗಳು ಜಸೀನಾಳ ಮದುವೆ. ರಸ್ತೆಯಲ್ಲಿ ಸುತ್ತಿ ಹೋಗೋಣವೆಂದರೆ ಅವರಿಗೆ ತಿರುವು ಕಂಡರೆ ವಾಂತಿ. ಇನ್ನೊಮ್ಮೆ ಬಟ್ಟೆ ಒದ್ದೆಯಾದರೆ ಮದುವೆಯೂ ಬೇಡ, ಹೊಲಿದವನ ಮುಖವೂ ಬೇಡ ಎಂದು ಹೇಳಿ ಕಳಿಸಿದ್ದರು. ನಾನು ಅಂಗಡಿ ತೆರೆದಾಗ ಮೊದಲು ಬಟ್ಟೆ ಕೊಟ್ಟ ಗಿರಾಕಿ ಅವರು. ನಿಜ ಹೇಳುತ್ತೇನೆ, ಹೆದರಿಕೆಯಾಯಿತು.

ತೂತಿನ ಸುತ್ತಲಿನ ಬಳೆಗೆ ಟೇಪು ಸುತ್ತಿದೆ. ಅಭ್ಯಾಸಬಲದಿಂದ ಕಾಲರಿಗೆ ಇಡುವಂತೆ ಎರಡು ಬೆರಳು ಒಳಗಿಟ್ಟೆ. ಬೋಟಿಗೆ ಕುತ್ತಿಗೆ ಬಿಗಿಯುವ ಚಿಂತೆಯಿಲ್ಲವಲ್ಲ ಎಂದು ನೆನಪಾಗಿ ತೆಗೆದೆ. ಟಾರ್ಪಾಲಿನ ಬಟ್ಟೆ ಹೊಲಿದು, ಹೊಲಿಗೆಯ ಮೇಲೆ ಪಂಕ್ಚರಿನ ಅಂಟು ಬಳಿದೆ. ಎಲ್ಲ ಸರಿ. ಉದ್ದದಲ್ಲಿ ಮಾತ್ರ ಕೈ ನನ್ನ ಮಾತು ಕೇಳಲಿಲ್ಲ. ಇಡೀ ಊರಿನ ಮಕ್ಕಳಿಗೆ ಯೂನಿಫಾರ್ಮ್ ಹೊಲಿದ ಕೈ ಅದು, ಬೆಳೆಯಲಿಕ್ಕೆಂದು ಸ್ವಲ್ಪ ಬಟ್ಟೆ ಬಿಡದೆ ಕತ್ತರಿ ಹಾಕಿದ್ದೇ ಇಲ್ಲ.

ರಹ್ಮಾನ್ ಹಳೆಯ ಸೊಂಡಿಲನ್ನು ಪಕ್ಕದಲ್ಲಿಟ್ಟು ನೋಡಿದ. ಒಂದು ಗೇಣು ಹೆಚ್ಚಿತ್ತು.

"ಮೋಹನಣ್ಣ, ಬೋಟು ಎಂತ ಬರುವ ವರ್ಷ ಎಂಟನೇ ಕ್ಲಾಸಿಗೆ ಹೋಗ್ತದಾ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಇಲ್ಲಿಗೇ ಕತ್ತರಿಸಿ ಎಂದು ಅವನು ಪೆನ್ನಿನಲ್ಲಿ ಗೆರೆ ಎಳೆದ. ನನಗೆ ಸಿಟ್ಟು ಬಂತು. ಒಮ್ಮೆ ದಾಟಿ ಬಾ, ಮತ್ತೆ ಕತ್ತರಿಸುತ್ತೇನೆ ಎಂದೆ. ಮದುವೆಗೆಂದು ಅವನ ಪ್ಯಾಂಟೂ ನನ್ನಲ್ಲೇ ಹೊಲಿಗೆಗಿತ್ತು. ಲೂಸು ಬೇಡವೇ ಬೇಡ ಎಂದು ಹೊಟ್ಟೆ ಒಳಗೆಳೆದು ನಿಂತು ಅಳತೆ ಕೊಟ್ಟಿದ್ದ ಆಸಾಮಿ.

ಭಾನುವಾರ ಕದೀಜಮ್ಮ ಹೊಸ ಬಟ್ಟೆಯುಟ್ಟು ಹೊಳೆಯ ದಡಕ್ಕೆ ಬಂದರು, ಜೊತೆಗೆ ಬಾಳೆಗೊನೆ, ಒಂದು ಚೀಲ ತೆಂಗಿನಕಾಯಿ. ಮುಂದೆ ಕೂತರೆ ಹುಟ್ಟಿನ ನೀರು ಸಿಡಿಯುತ್ತದೆಂದು ಹಿಂದೆಯೇ ಕೂತರು. ಹೊಲಿದವನು ಹೊಲಿಗೆಯ ಹತ್ತಿರ ಕೂರಲಿ ಎಂದು ನನ್ನನ್ನೂ ಕೂರಿಸಿದರು. ನಮ್ಮಿಬ್ಬರ ಭಾರಕ್ಕೆ ಹಿಂಬದಿ ತಗ್ಗಿತು. ನಾನು ಸೊಂಡಿಲನ್ನು ಹಲಗೆಯ ಅಂಚಿನವರೆಗೆ ಎತ್ತಿ ಕಟ್ಟಿ, ಸಾಲದೆಂದು ಕೈಯಲ್ಲೂ ಹಿಡಿದುಕೊಂಡೆ.

ಪಯಸ್ವಿನಿ ಹೊಳೆಯ ನಡುವೆ ರಹ್ಮಾನ್ ಹುಟ್ಟು ಹಾಕುವುದನ್ನು ನಿಲ್ಲಿಸಿ, ಬಗ್ಗಿ ಇಣುಕಿದ. ಅವನ ಪೆನ್ನಿನ ಗೆರೆ ನೀರಿನಡಿಯಲ್ಲಿತ್ತು. ಸೊಂಡಿಲಿನ ಬಾಯಿ ಮೇಲೆ, ಒಣಗಿಯೇ ಇತ್ತು. ಅವನು ಮತ್ತೆ ಹುಟ್ಟು ಹಾಕತೊಡಗಿದ.

ಆಚೆ ದಡದಲ್ಲಿ ಕದೀಜಮ್ಮ ಇಳಿದು, ಬಟ್ಟೆಯನ್ನು ಹಿಂದೆ ಮುಂದೆ ಮುಟ್ಟಿ ನೋಡಿದರು. ಆಮೇಲೆ ಕಾಯುತ್ತಿದ್ದ ತಂಗಿಗೆ, ನನಗೂ ತಿಳಿಯಲೆಂದು ಮನೆಮಾತು ಬಿಟ್ಟು ಕನ್ನಡದಲ್ಲೇ ಹೇಳಿದರು:

"ಮೋಹನ ಟೈಲರ್ ಕರ್ಕೊಂಡು ಬಂದದ್ದು."

ಬೆವರಿಳಿಸಿ ಹುಟ್ಟು ಹಾಕಿದವನ ಹೆಸರೇ ಬರಲಿಲ್ಲ. ನನಗೆ ಹಿಡಿಸಲಾರದಷ್ಟು ಖುಷಿಯಾಯಿತು.

ರಹ್ಮಾನ್ ಬೋಟನ್ನು ದಡಕ್ಕೆಳೆದ. ಒಂದು ಕೈ ಹೊಸ ಪ್ಯಾಂಟಿನ ಸೊಂಟದ ಹುಕ್ಕಿನ ಮೇಲಿತ್ತು. ಹತ್ತಿರ ಬಂದು ಮೆಲ್ಲಗೆ ಕೇಳಿದ.

"ಮೋಹನಣ್ಣ, ನನ್ನ ಪ್ಯಾಂಟಿಗೂ ಒಳಗೆ ಸ್ವಲ್ಪ ಬಿಟ್ಟಿದ್ದೀರಾ?"

"ಬಿಟ್ಟಿದ್ದೇನೆ ಮಾರಾಯ. ಮೊದಲು ಬಿರಿಯಾನಿ ಆಗ್ಲಿ, ಮತ್ತೆ ಅಳತೆ ತೆಗಿಯುವ."