ಎಡಬಾಗಿಲ ಸ್ಪೀಕರ್

"ಕನೆಕ್ಟ್ ಆಗಿದೆ ಅಂತ ತೋರಿಸ್ತಿದೆ ಮಾವ, ಮಾತು ಮಾತ್ರ ಬರ್ತಿಲ್ಲ!" ಎಂದು ಚೂಟಿ ಕಾರಿನೊಳಗಿಂದಲೇ ಕೂಗಿ ಹೇಳಿದಳು.

ಕಾರುಗಳಿಗೆ ಸ್ಪೀಕರ್ ಕೂರಿಸುವ ಆ ಶೆಡ್ಡಿನ ಮೂಲೆಯ ಗಾಜಿನ ಕೋಣೆಯಲ್ಲಿ ಕೂತಿದ್ದ ಮಾವ ತಲೆ ಎತ್ತಲಿಲ್ಲ. ಅವರ ಎಡಗಿವಿ ಈ ಕಡೆಗಿತ್ತು. ಅವಳು ನಾಲಿಗೆ ಕಚ್ಚಿಕೊಂಡು ಕಾರಿನಿಂದ ಇಳಿದಳು. ಕೋಣೆಗೆ ಹೋಗಿ, ಮೇಜನ್ನು ಸುತ್ತಿಕೊಂಡು ಬಂದು ಅವರ ಬಲಕ್ಕೆ ನಿಂತು, ಅದೇ ಮಾತನ್ನು ಮೊದಲ ಸಲ ಹೇಳುತ್ತಿರುವವಳಂತೆ ಹೇಳಿದಳು. ಈ ಸುತ್ತು ಹಾಕುವುದು ಎಷ್ಟು ರೂಢಿಯಾಗಿಹೋಗಿತ್ತೆಂದರೆ, ಮನೆಯಲ್ಲಿ ಅಮ್ಮನ ಹತ್ತಿರ ಮಾತಾಡುವಾಗಲೂ ಅವಳ ಕಾಲು ತಾನಾಗಿಯೇ ಬಲಗಡೆಗೆ ಹೋಗುತ್ತಿತ್ತು.

"ಫೋನುಗಳ ಲಿಸ್ಟ್ ತೆಗೆದು ನೋಡು," ಎಂದರು ಮಾವ. "ಯಾರ್ಯಾರು ಒಳಗೆ ಬಂದು ಠಿಕಾಣಿ ಹೂಡಿದಾರೋ!"

ಕಾರು ಪ್ರಾಣಿಗಳ ಡಾಕ್ಟರಮ್ಮನದು. ಹಸು ಕಷ್ಟಪಡುತ್ತಿದೆ, ನಾಯಿ ಏನೋ ನುಂಗಿದೆ ಎಂದು ದಾರಿಯಲ್ಲೇ ಕರೆಗಳು ಬರುತ್ತವೆ. ಹೋದ ವಾರ ಒಂದು ಕೈಯಲ್ಲಿ ಫೋನ್ ಹಿಡಿದು ಓಡಿಸುತ್ತ ಚರಂಡಿಗೆ ಇಳಿಯುವುದು ಸ್ವಲ್ಪದರಲ್ಲಿ ತಪ್ಪಿತ್ತಂತೆ. ಐದು ಗಂಟೆಯೊಳಗೆ ಬ್ಲೂಟೂತ್ ಸರಿಯಾಗಬೇಕು, ಹಾಗೇ ಎಡಬಾಗಿಲ ಸ್ಪೀಕರ್ ಗರಗರ ಅನ್ನುವುದು ನಿಲ್ಲಬೇಕು ಎಂದು ಹೇಳಿ, ಕಾರಿನ ಕೀಲಿ ಕೊಟ್ಟು ತಮ್ಮ ಫೋನನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿದ್ದರು. ಅವರು ಹೇಳಿದ್ದನ್ನೆಲ್ಲ ಚೂಟಿ ಎಂದಿನಂತೆ ಗಟ್ಟಿಯಾಗಿ ಇನ್ನೊಮ್ಮೆ ಒಪ್ಪಿಸಿದ್ದಳು, ಖಾತ್ರಿ ಮಾಡಿಕೊಳ್ಳುವವಳ ಹಾಗೆ. ಮಾವನಿಗೆ ಕೇಳಿಸಲಿ ಎಂದು ಅವಳು ಹಾಗೆ ಮಾಡುತ್ತಾಳೆಂದು ಗಿರಾಕಿಗಳಿಗೆ ಗೊತ್ತಿರಲಿಲ್ಲ. ಮಾವನಿಗೆ ಗೊತ್ತಿತ್ತೋ ಇಲ್ಲವೋ, ಆ ಮಾತನ್ನು ಇಬ್ಬರೂ ಎತ್ತಿದವರಲ್ಲ.

"ನಮ್ಮ ಹುಡುಗಿ, ಸಹಾಯಕ್ಕೆ ಇರ್ತಾಳೆ," ಎಂದು ಮಾವ ಡಾಕ್ಟರಮ್ಮನಿಗೆ ಪರಿಚಯ ಮಾಡಿಕೊಟ್ಟಿದ್ದರು. ಹನ್ನೊಂದು ವರ್ಷದಿಂದ ಅದೇ ಪರಿಚಯ. ಬಂದಾಗ ಅವಳಿಗೆ ಹತ್ತೊಂಬತ್ತು; ಅಕ್ಕನ ಮಗಳು, ಕೈ ಚುರುಕು ಎಂದು ಅವರೇ ಕರೆದುಕೊಂಡು ಬಂದು ಚೂಟಿ ಎಂದು ಹೆಸರಿಟ್ಟವರು. ಆಗ ಅದು ಸರಿಯಾದ ಪರಿಚಯವೇ ಆಗಿತ್ತು. ಈಗ ತಂತಿ ಎಳೆಯುವುದರಿಂದ ಹಿಡಿದು ಸ್ವರ ಹೊಂದಿಸುವವರೆಗೆ ಎಲ್ಲವನ್ನೂ ಮಾಡುವವಳು ಅವಳು. ಮಾವ ಕೊನೆಗೆ ಬಂದು, ಕಣ್ಣು ಮುಚ್ಚಿ, ತಲೆದೂಗಿ, ಕೆಲಸದ ಕಾರ್ಡಿನ ಮೇಲೆ ಸಹಿ ಹಾಕುತ್ತಾರೆ. ಮೂರು ವರ್ಷದ ಹಿಂದೆ ಒಂದು ಜ್ವರ ಬಂದು ಹೋದಮೇಲೆ ಎಡಗಿವಿ ಪೂರ್ತಿ ಕೈಕೊಟ್ಟಿತು. ಆಗಲೇ ಮೇಜಿನ ಎಡಕ್ಕಿದ್ದ ಫೋನು ಬಲಕ್ಕೆ ಬಂತು. ಯಾಕೆಂದು ಅವಳು ಕೇಳಲಿಲ್ಲ.

ಚೂಟಿ ಮತ್ತೆ ಕಾರಿನಲ್ಲಿ ಕೂತು ಲಿಸ್ಟ್ ತೆಗೆದಳು. ಐದು ಫೋನುಗಳು ಸಾಲಾಗಿ ನಿಂತಿದ್ದವು; ಐದಕ್ಕಿಂತ ಹೆಚ್ಚು ಈ ಯಂತ್ರದ ನೆನಪಿನಲ್ಲಿ ಹಿಡಿಸುವುದಿಲ್ಲ. ಮೊದಲನೆಯದಕ್ಕೆ ‘ಕ್ಲಿನಿಕ್’ ಎಂದು ಹೆಸರಿತ್ತು. ಬೇಕಾದದ್ದಿರಬಹುದೆಂದು ಅದನ್ನು ಬಿಟ್ಟು ಉಳಿದ ನಾಲ್ಕನ್ನು ಅಳಿಸಿದಳು. ತನ್ನ ಫೋನಿಗೆ ಈ ಕಾರನ್ನು ಮರೆಯಲು ಹೇಳಿ, ಎರಡನ್ನೂ ಆರಿಸಿ ಹೊತ್ತಿಸಿ, ಆರು ಅಂಕಿಗಳನ್ನು ತಾಳೆ ನೋಡಿ ಹೊಸದಾಗಿ ಜೋಡಿಸಿದಳು. ಗಿರಾಕಿಯ ಫೋನು ಬರುವವರೆಗೆ ಪರೀಕ್ಷೆಗೆಲ್ಲ ಅವಳದೇ ಫೋನು. ಕರೆ ಬಂದರೆ ಕಾರು ತಾನಾಗಿಯೇ ಎತ್ತಿಕೊಳ್ಳುವಂತೆ ಇಡುವುದೂ ಈ ಅಂಗಡಿಯದೇ ಪದ್ಧತಿ. ಎರಡೂ ಕೈ ತಂತಿಗಳೊಳಗೆ ಸಿಕ್ಕಿಕೊಂಡಿರುವಾಗ ಗುಂಡಿ ಒತ್ತುವವರು ಯಾರು?

ಹಾಡು ಬಂತು. ಮಾವ ಅಂಗಡಿಯ ಫೋನಿನಿಂದ ಅವಳ ಫೋನಿಗೆ ಕರೆ ಮಾಡಿದರು. ಹಾಡು ನಿಂತಿತು, ಮಾತು ಬರಲಿಲ್ಲ. ಪರದೆಯ ಮೂಲೆಯಲ್ಲಿ ‘ಕ್ಲಿನಿಕ್’ ಎಂಬ ಪುಟ್ಟ ಅಕ್ಷರಗಳು ಮಿನುಗುತ್ತಿದ್ದವು. ಚೂಟಿ ಅವನ್ನೇ ನೋಡುತ್ತ ಕೂತಳು. ಹತ್ತಿರದಲ್ಲಿ ಇಲ್ಲದ ಫೋನು ಹೇಗೆ ಸೇರಿಕೊಂಡೀತು? ಅವಳು ಬಗ್ಗಿ ಡ್ಯಾಶ್‌ಬೋರ್ಡಿನ ಖಾನೆ ತೆರೆದಳು. ರಬ್ಬರ್ ಕೈಗವಸುಗಳ ಡಬ್ಬಿ, ಹತ್ತಿಯ ಸುರುಳಿ, ಅವುಗಳ ಕೆಳಗೆ ಚಾರ್ಜರ್ ಕಚ್ಚಿಕೊಂಡು ಮಲಗಿದ್ದ ಒಂದು ಹಳೆಯ ಫೋನು. ಕಾರು ಚಾಲೂ ಆದ ಕೂಡಲೇ ಎಲ್ಲರಿಗಿಂತ ಮೊದಲು ಓಡಿಬಂದು ಜಾಗ ಹಿಡಿಯುತ್ತಿದ್ದುದು ಅದೇ. ಹಾಡನ್ನು ಯಾರಿಗೆ ಬೇಕಾದರೂ ಬಿಟ್ಟುಕೊಡುತ್ತಿತ್ತು, ಮಾತನ್ನು ಮಾತ್ರ ಬಿಡುತ್ತಿರಲಿಲ್ಲ.

ಅದನ್ನು ತೆಗೆದುಕೊಂಡು ಹೋಗಿ ಮಾವನಿಗೆ ತೋರಿಸಿದಾಗ ಅವರು ಹೊಟ್ಟೆ ಕುಣಿಸಿ ನಕ್ಕರು. "ಸವತಿ ಮನೆಯೊಳಗೇ ಇದ್ಲಾ! ಪಾಪ, ಡಾಕ್ಟರಮ್ಮ ಊರೆಲ್ಲ ಹುಡುಕಿರ್ತಾರೆ."

ಆ ಸವತಿ ಫೋನನ್ನು ಸ್ವಿಚ್ ಆಫ್ ಮಾಡಿ ಮೇಜಿನ ಮೇಲಿಟ್ಟು ಅವಳು ಕಾರಿಗೆ ಬಂದಳು. ಮಾವ ರಿಸೀವರನ್ನು ಬಲಗಿವಿಗೆ ಆನಿಸಿಕೊಂಡು ಮತ್ತೆ ಕರೆ ಮಾಡಿದರು. ಈ ಸಲ ನಾಲ್ಕೂ ಬಾಗಿಲುಗಳಿಂದ ಅವರ ದನಿ ಹೊಮ್ಮಿತು: "ಒಂದು... ಎರಡು... ಮೂರು..." ಅವರು ಯಾವಾಗಲೂ ಹತ್ತರವರೆಗೆ ಎಣಿಸುವವರು, ಒಂಬತ್ತಕ್ಕೆ ನಿಲ್ಲಿಸಿದ್ದನ್ನು ಅವಳು ಕಂಡಿಲ್ಲ. ಎಷ್ಟೋ ಸಾವಿರ ಸ್ಪೀಕರುಗಳಲ್ಲಿ ಆ ಎಣಿಕೆ ಕೇಳಿದ್ದಾಳೆ. ಇವತ್ತು ಆರಕ್ಕೆ ಬರುವಷ್ಟರಲ್ಲಿ ಅವಳ ಕಣ್ಣು ಪರದೆಯ ಗಡಿಯಾರದ ಕಡೆ ಹೋಯಿತು.

ಯಾಕೆಂದರೆ ಸಂಜೆ ಆರೂವರೆಗೆ ಇನ್ನೊಂದು ಕರೆ ಬರುವುದಿತ್ತು. ಮುಖ್ಯರಸ್ತೆಯ ದೊಡ್ಡ ವರ್ಕ್‌ಶಾಪಿನವರು ಅವಳ ಕೆಲಸ ನೋಡಿ, ಎರಡು ಸಲ ಮಾತಾಡಿ, ಇವತ್ತು ಕೊನೆಯ ಮಾತು ಹೇಳುತ್ತೇವೆ ಎಂದಿದ್ದರು. ಅಲ್ಲಿ ಅವಳು ಸಹಾಯಕ್ಕೆ ಇರುವವಳಲ್ಲ. ಅವಳ ಕೈಕೆಳಗೆ ನಾಲ್ಕು ಜನ. ಹೋಗಬೇಕೆಂಬ ಆಸೆ ಬಲವಾಗಿತ್ತು. ಅದರ ಪಕ್ಕದಲ್ಲೇ ಭಯ. ನಾಳೆ ಗಿರಾಕಿಗಳು ಎಡಕ್ಕೆ ನಿಂತು ಮಾತಾಡಿದರೆ ಅದನ್ನು ಮತ್ತೊಮ್ಮೆ ಗಟ್ಟಿಯಾಗಿ ಹೇಳುವವರು ಯಾರು? ಕಿವಿ ಕೇಳದವರ ಹತ್ತಿರ ಸ್ಪೀಕರ್ ಹಾಕಿಸಲು ಯಾರು ಬರುತ್ತಾರೆ? ವಾರದಿಂದ ಹೇಳಬೇಕೆಂದು ಬಾಯಿ ತೆರೆಯುವುದು, ಮುಚ್ಚುವುದು, ಇದೇ ಆಗಿತ್ತು.

"ನಡಿ, ಒಂದು ಸುತ್ತು ಹೋಗ್ಬರೋಣ," ಎಂದು ಮಾವ ಬಂದು ಸ್ಟಿಯರಿಂಗ್ ಮುಂದೆ ಕೂತರು. ಟ್ರಯಲ್‌ಗೆ ಓಡಿಸುವವರು ಯಾವಾಗಲೂ ಅವರೇ. ಅವಳು ಎಡಸೀಟಿನಲ್ಲಿ ಕೂತಳು.

"ಗಾಜು ಏರಿಸು. ಎಡಬಾಗಿಲು ಒಂದನ್ನೇ ಇಡು, ಗರಗರ ಯಾಕೆ ಅಂತ ನೋಡೋಣ."

ಅವಳು ಗಾಜು ಏರಿಸಿದಳು. ಧ್ವನಿಯನ್ನೆಲ್ಲ ಎಡಕ್ಕೆ ತಳ್ಳಿ ಒಂದು ಹಾಡು ಹಾಕಿದಳು. ಕಾರು ಟೈರಿನಂಗಡಿ ದಾಟಿ, ಆಸ್ಪತ್ರೆಯ ಗೋಡೆಯನ್ನು ಬಳಸಿ ದೊಡ್ಡ ರಸ್ತೆಗೆ ಬಂತು. ಗಡಿಯಾರದಲ್ಲಿ ನಾಲ್ಕು ಇಪ್ಪತ್ತು.

ಹಾಡು ತಟ್ಟನೆ ನಿಂತಿತು. ಪರದೆಯ ಮೇಲೆ ಒಂದು ನಂಬರು. ಹೆಸರು ಹಾಕದೆ ಇಟ್ಟಿದ್ದರೂ ಅದರ ಕೊನೆಯ ಮೂರು ಸೊನ್ನೆಗಳು ಅವಳಿಗೆ ಬಾಯಿಪಾಠ. ಆರೂವರೆ ಎಂದವರು ಈಗಲೇ ಯಾಕೆ? ಜೇಬಿನ ಫೋನಿಗೆ ಕೈ ಹಾಕುವಷ್ಟರಲ್ಲಿ ಕಾರು, ಅವಳೇ ಹೇಳಿಕೊಟ್ಟಿದ್ದ ಹಾಗೆ, ಕರೆಯನ್ನು ತಾನೇ ಎತ್ತಿಕೊಂಡಿತು.

"ನಮಸ್ಕಾರ, ಬೇಗ ಮಾಡಿದೆ, ಬೇಜಾರು ಮಾಡ್ಕೋಬೇಡಿ," ಎಂದಿತು ಎಡಬಾಗಿಲು. ಆ ವರ್ಕ್‌ಶಾಪಿನ ಮ್ಯಾನೇಜರಮ್ಮನ ದನಿ. "ನಮ್ಮ ಸಾಹೇಬ್ರು ಈಗ್ಲೇ ಹೊರಟಿದಾರೆ, ಅಷ್ಟರೊಳಗೆ ನಿಮ್ಮ ಉತ್ತರ ಬೇಕಂತೆ. ಆಡಿಯೋ ವಿಭಾಗ ಪೂರ್ತಿ ನಿಮ್ಮದು. ಸೋಮವಾರದಿಂದ ಬರ್ತೀರಾ?"

ಚೂಟಿಯ ಬೆರಳು ಆಗಲೇ ವಾಲ್ಯೂಮ್ ಗುಂಡಿಯ ಮೇಲಿತ್ತು. ತಿರುಗಿಸುವ ಮುನ್ನ ಅವಳು ಪಕ್ಕಕ್ಕೆ ನೋಡಿದಳು. ಮಾವ ಮುಂದಿನ ಸಿಮೆಂಟ್ ಲಾರಿಯನ್ನೇ ನೋಡುತ್ತ ಗೇರ್ ಬದಲಿಸುತ್ತಿದ್ದರು. ಹುಬ್ಬು ಕೂಡ ಅಲುಗಿರಲಿಲ್ಲ. ದನಿ ಬರುತ್ತಿದ್ದುದು ಎಡಗಡೆಯಿಂದ. ಅವರ ಎಡಗಿವಿ ಸತ್ತು ಮೂರು ವರ್ಷವಾಗಿತ್ತು. ಅವಳ ಬೆರಳು ಗುಂಡಿಯ ಮೇಲೆಯೇ ನಿಂತುಬಿಟ್ಟಿತು. ಅಬ್ಬ, ಕೇಳಿಸಲಿಲ್ಲ ಎನ್ನಿಸಿತು. ಮರುಕ್ಷಣವೇ ನಾಚಿಕೆಯಾಯಿತು. ಮೂರು ವರ್ಷ ಯಾವ ಕಿವುಡನ್ನು ಊರಿಂದ ಮುಚ್ಚಿಟ್ಟು ಕಾಪಾಡಿದ್ದಳೋ, ಇವತ್ತು ಅದೇ ಕಿವುಡಿನ ಮರೆಯಲ್ಲಿ ಅವಳು ಅಡಗಿ ಕೂತಿದ್ದಳು.

"ಹಲೋ? ಕೇಳಿಸ್ತಿದೆಯಾ? ನಿಮ್ಮ ಈಗಿನ ಯಜಮಾನ್ರಿಗೆ ವಿಷ್ಯ ಹೇಳಿದೀರಾ?"

ಮೈಕು ಇದ್ದದ್ದು ಒಳಗನ್ನಡಿಯ ಹತ್ತಿರ. ಅವಳು ಮುಂದಕ್ಕೆ ಬಾಗಬೇಕಾಯಿತು. ಬಾಗಿದರೆ ಮುಖ ಮಾವನ ಭುಜದ ಸಮೀಪವೇ ಬಂತು. ಅವರ ಅಂಗಿಯ ಬೆಸುಗೆ ಹೊಗೆಯ ವಾಸನೆ ಮೂಗಿಗೆ ಬಡಿಯಿತು.

"ಇನ್ನೂ ಇಲ್ಲ. ಹೇಳ್ತೀನಿ."

"ಸರಿ. ಹಾಗಿದ್ರೆ ಹೂಂ ಅಂದ್ಕೊಳ್ಳಲಾ?"

ಲಾರಿ ಬ್ರೇಕ್ ಹಾಕಿತು. ಮಾವನೂ ಹಾಕಿದರು.

"ಹೂಂ," ಎಂದಳು ಚೂಟಿ. "ಬರ್ತೀನಿ."

ಕರೆ ಮುಗಿದು ಹಾಡು ನಿಂತಲ್ಲಿಂದಲೇ ಮುಂದುವರಿಯಿತು.

"ಏನಂದೆ?" ಎಂದರು ಮಾವ, ರಸ್ತೆಯಿಂದ ಕಣ್ಣು ಕೀಳದೆ.

"ಏನಿಲ್ಲ ಮಾವ. ಮೈಕ್ ನೋಡ್ತಿದ್ದೆ."

"ನೋಡು, ನೋಡು."

ಅವರು ಮುಂದಿನ ತಿರುವಿನಲ್ಲೇ ಕಾರು ತಿರುಗಿಸಿದರು. ಎಂದೂ ಅಷ್ಟು ಬೇಗ ತಿರುಗಿಸುವವರಲ್ಲ. ಆಸ್ಪತ್ರೆಯ ಗೋಡೆ ಬಂದಾಗ, "ಬಾಗಿಲ ಒಳಹಲಗೆಯ ಕ್ಲಿಪ್ ಒಂದು ಸಡಿಲ ಆಗಿದೆ, ಕೆಳಗಿನದು. ಅದಕ್ಕೇ ಗರಗರ," ಎಂದರು. ಚೂಟಿ ಹೂಂಗುಟ್ಟಿದಳು. ಹೇಗೆ ಹೇಳಲಿ, ಯಾವಾಗ ಹೇಳಲಿ, ಈಗಲೇ ಹೇಳಿಬಿಡಲೇ ಎಂದು ಅವಳ ತಲೆ ಗಿರಗಿರನೆ ತಿರುಗುತ್ತಿತ್ತು. ಶೆಡ್ಡು ಬಂದೇಬಿಟ್ಟಿತು. ಮಾವ ಇಂಜಿನ್ ನಿಲ್ಲಿಸದೆ ಇಳಿದು, ಗಾಜಿನ ಕೋಣೆಗೆ ಹೋಗಿ ಕೂತರು.

ಕೆಳಗಿನ ಕ್ಲಿಪ್ಪು ನಿಜಕ್ಕೂ ಸಡಿಲವಾಗಿತ್ತು. ಅವಳು ಅದನ್ನು ಒತ್ತಿ ಕೂರಿಸಿದಳು. ಇನ್ನು ಉಳಿದದ್ದು ತನ್ನ ಫೋನನ್ನು ಕಾರಿನ ನೆನಪಿನಿಂದ ತೆಗೆಯುವ ಕೆಲಸ. ಮತ್ತೆ ಎಡಸೀಟಿನಲ್ಲಿ ಕೂತು, ಬಾಗಿಲು ಹಾಕಿಕೊಂಡು, ಲಿಸ್ಟಿನಲ್ಲಿ ತನ್ನ ಹೆಸರಿನ ಮೇಲೆ ಬೆರಳಿಟ್ಟಳು. ‘ಅಳಿಸಬೇಕೇ?’ ಎಂದು ಯಂತ್ರ ಕೇಳಿತು.

ಅಷ್ಟರಲ್ಲಿ ಕರೆ ಬಂತು. ಅಂಗಡಿಯ ನಂಬರು. ಕಾರು ತಾನೇ ಎತ್ತಿಕೊಂಡಿತು.

"ಒಂದು," ಎಂದರು ಮಾವ, ಎಡಬಾಗಿಲಿನಿಂದ. "ಎರಡು... ಮೂರು... ನಾಲ್ಕು..."

ಅವಳು ಅಲುಗಾಡದೆ ಕೂತಳು. ಎಣಿಕೆ ಹತ್ತಕ್ಕೆ ಬಂತು. ಕರೆ ಮಾತ್ರ ಮುಗಿಯಲಿಲ್ಲ.

"ಗರಗರ ಹೋಗಿರ್ಬೇಕು," ಎಂದಿತು ದನಿ. "ಮೈಕೂ ಚೆನ್ನಾಗಿದೆ. ಅಲ್ವೇ ಚೂಟಿ, ಗಾಜು ಏರಿಸಿದ್ಮೇಲೆ ಕಾರೊಳಗೆ ಶಬ್ದ ಒಂದೇ ಕಡೆ ನಿಲ್ಲಲ್ಲ, ಗಾಜಿಗೆ ಬಡಿದು ಆ ಕಡೆಗೂ ಹೋಗುತ್ತೆ ಅಂತ ನೀನು ಬಂದ ಮೊದಲನೇ ದಿನವೇ ಹೇಳ್ಕೊಟ್ಟಿದ್ನಲ್ಲ. ಅಷ್ಟೂ ಮರೆತ್ಯಾ?"

ಅಳಿಸಲು ಎತ್ತಿದ್ದ ಬೆರಳನ್ನು ಅವಳು ಹಿಂದಕ್ಕೆಳೆದಳು.

"ಸೋಮವಾರ ಅಂದ್ರು ಅಲ್ವಾ. ನಿನ್ನ ಬೆಸುಗೆ ಕಡ್ಡಿ ತಗೊಂಡು ಹೋಗು. ಅಲ್ಲಿ ಹೊಸದು ಕೊಡ್ತಾರೆ, ಕೈಗೆ ಹೊಂದಲ್ಲ. ಡಾಕ್ಟರಮ್ಮ ಬಂದಾಗ ನೀನೇ ಮಾತಾಡಿ ಕಾರು ಕೊಡು. ಕೆಲಸ ಮಾಡಿದೋಳು ಇವಳೇ ಅಂತ ನಾನು ಹೇಳ್ತೀನಿ."

"ಮಾವ," ಎಂದಳು ಚೂಟಿ, ಮೈಕಿನ ಕಡೆಗೆ ಬಾಗಿ. "ಮಾವ, ನಾನೇ ಹೇಳ್ಬೇಕು ಅಂತಿದ್ದೆ. ದೇವರಾಣೆಗೂ ನಾನೇ..."

ಆ ಕಡೆಯಿಂದ ಏನೂ ಬರಲಿಲ್ಲ. ಕರೆ ತುಂಡಾಯಿತೇ ಎಂದು ಪರದೆ ನೋಡಿದಳು; ಇಲ್ಲ, ಸೆಕೆಂಡುಗಳು ಓಡುತ್ತಿದ್ದವು. ಅವಳು ತಲೆ ಎತ್ತಿ ಮುಂದಿನ ಗಾಜಿನಾಚೆ ನೋಡಿದಳು. ಕೋಣೆಯಲ್ಲಿ ಮಾವ ಗೋಡೆಯ ಕಡೆ ನೋಡುತ್ತ ನೆಟ್ಟಗೆ ಕೂತಿದ್ದರು. ಮೇಜಿನ ಬಲಕ್ಕಿದ್ದ ಫೋನಿನ ಸುರುಳಿ ತಂತಿ ಅವರ ಎದೆಯ ಮೇಲೆ ಅಡ್ಡಲಾಗಿ, ಬಿಗಿಯಾಗಿ ಎಳೆದುಕೊಂಡಿತ್ತು. ರಿಸೀವರನ್ನು ಅವರು ಎಡಗಿವಿಗೆ ಹಿಡಿದಿದ್ದರು.

ಅವರಿಗೆ ಕೇಳಿಸದು ಎಂದು ಗೊತ್ತಿದ್ದೂ ಚೂಟಿ ಮಾತು ನಿಲ್ಲಿಸಲಿಲ್ಲ. ಜ್ವರದ ದಿನದಿಂದ ಶುರುಮಾಡಿ, ಮೇಜಿನ ಆ ಕಡೆಯಿಂದ ಈ ಕಡೆಗೆ ಬಂದ ಫೋನು, ಗಿರಾಕಿಗಳ ಮಾತನ್ನು ಎರಡೆರಡು ಸಲ ಹೇಳಿದ್ದು, ಇವತ್ತು ಗುಂಡಿಯ ಮೇಲೆ ನಿಂತ ಬೆರಳು, ಎಲ್ಲವನ್ನೂ ಒಂದೊಂದಾಗಿ ಹೇಳುತ್ತ ಹೋದಳು. ಮಾವ ರಿಸೀವರನ್ನು ಕೆಳಗಿಡಲಿಲ್ಲ, ಕಿವಿಯನ್ನೂ ಬದಲಿಸಲಿಲ್ಲ.