ಗ್ಲೌಸು ಹಾಕದ ಕೈ

ಒದ್ದೆ ಬೆಡ್‌ಶೀಟನ್ನು ಒಬ್ಬರೇ ಹಿಂಡಬಹುದು, ಒಬ್ಬರೇ ಒಣಹಾಕಬಹುದು. ಮಡಿಸುವುದಕ್ಕೆ ಮಾತ್ರ ಇಬ್ಬರು ಬೇಕು. ಆಸ್ಪತ್ರೆಯಿಂದ ಬಂದಿದ್ದ ರಾಶಿಯಲ್ಲಿ ಅರ್ಧ ಮುಗಿದಿತ್ತು. ಮನೆಯ ಮುಂದಿನ ಕೋಣೆಯೇ ಅವರ ಲಾಂಡ್ರಿ. ಅದರ ಒಂದು ಗೋಡೆಯ ಕಡೆ ತಾಯಿ, ಇನ್ನೊಂದು ಗೋಡೆಯ ಕಡೆ ಮಗಳು. ಜಗ್ಗಿ ಹಿಡಿಯುವುದು, ಒಮ್ಮೆ ಕೊಡವುವುದು, ಮೂಲೆಗೆ ಮೂಲೆ ಕೂಡಿಸುವುದು, ನಡೆದು ಬಂದು ತುದಿಯನ್ನು ತಾಯಿಯ ಕೈಗೆ ಕೊಡುವುದು, ಮತ್ತೆ ಹಿಂದಕ್ಕೆ ಸರಿಯುವುದು.

"ಬೇಗ ಬಾರೆ. ಹತ್ತು ಸಾವಿರ ಮೀಟರ್ ಓಡಿದೋಳಿಗೆ ಹತ್ತು ಹೆಜ್ಜೆ ನಡೆಯೋಕೆ ಇಷ್ಟು ಹೊತ್ತಾ?" ಎಂದರು ತಾಯಿ. ಅಂದ ಮೇಲೆ ನಾಲಗೆ ಕಚ್ಚಿಕೊಂಡರು. ಮಗಳು ನಗಲಿಲ್ಲ, ಬೇಜಾರನ್ನೂ ತೋರಿಸಲಿಲ್ಲ. ಇನ್ನೊಂದು ಬೆಡ್‌ಶೀಟು ಎತ್ತಿಕೊಂಡಳು.

ಮೂರು ವಾರದ ಹಿಂದಿನವರೆಗೂ ಅವಳು ಹತ್ತು ಸಾವಿರ ಮೀಟರ್ ಓಟದಲ್ಲಿ ದೇಶದ ಚಾಂಪಿಯನ್. ಒಂದಲ್ಲ, ನಾಲ್ಕು ಸಲ. ಮೈದಾನದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು 'ಕಡ್ಡಿ' ಎಂದು. ಹದಿನೇಳರ ವಯಸ್ಸಿನಲ್ಲಿ ಮೊದಲ ಸಲ ಅಲ್ಲಿಗೆ ಕಾಲಿಟ್ಟಾಗ ಅವಳಿದ್ದದ್ದೇ ಹಾಗೆ. ಆಮೇಲೆ ಮೈ ತುಂಬಿದರೂ ಹೆಸರು ಬಿಡಲಿಲ್ಲ. ಈಗ ಅವಳ ಮೂತ್ರದ ಪರೀಕ್ಷೆಯಲ್ಲಿ ಸ್ನಾಯು ಬೆಳೆಸುವ ನಿಷೇಧಿತ ಔಷಧ ಸಿಕ್ಕಿತ್ತು. ಕ್ರೀಡಾ ಕಚೇರಿಯ ಗೋಡೆಯಿಂದ ಅವಳ ಫೋಟೊ ಇಳಿಸಿದ್ದರು. ಕ್ಯಾಮೆರಾಗಳ ಮುಂದೆ ಅವಳು ಹೇಳಿದ್ದು ಒಂದೇ ಮಾತು: ನನಗೇನೂ ಗೊತ್ತಿಲ್ಲ, ಹೇಗೆ ಬಂತೋ ಅರಿಯೆ.

ಅವಳಿಗೆ ಗೊತ್ತಿತ್ತು. ಚಳಿಗಾಲದಲ್ಲಿ ತೊಡೆಯ ಹಿಂದಿನ ಸ್ನಾಯು ಹರಿದಿತ್ತು. ವಯಸ್ಸು ಮೂವತ್ತೊಂದು, ಬೆನ್ನ ಹಿಂದೆ ಇಪ್ಪತ್ತರ ಹುಡುಗಿಯರ ಉಸಿರು. ವ್ಯಾಯಾಮಶಾಲೆಯ ಪರಿಚಯದವನೊಬ್ಬ ಮಾತ್ರೆ ಕೊಟ್ಟ. ಐದು ವಾರ ದಿನಾ ಬೆಳಿಗ್ಗೆ ಒಂದರಂತೆ ಅವಳೇ, ಅವಳ ಕೈಯಾರೆ, ನೀರು ಕುಡಿದು ನುಂಗಿದ್ದಳು.

ನೋಟಿಸಿನ ಜೊತೆ ಒಂದು ಫಾರಂ ಬಂದಿತ್ತು. ಒಪ್ಪುತ್ತೀರೋ ಇಲ್ಲವೋ ಬರೆದು ಇಪ್ಪತ್ತೊಂದು ದಿನದೊಳಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಬೇಕು. ಆವತ್ತೇ ಅವಳು 'ಒಪ್ಪುತ್ತೇನೆ' ಎಂಬಲ್ಲಿ ಗುರುತು ಹಾಕಿ, ಕೆಳಗೆ ನಾಲ್ಕು ಸಾಲು ಬರೆದು, ಸಹಿ ಮಾಡಿ, ಲಕೋಟೆ ಅಂಟಿಸಿ ಚಪ್ಪಲಿಯನ್ನೂ ಮೆಟ್ಟಿದ್ದಳು. ಅಷ್ಟರಲ್ಲಿ ತಾಯಿ ಹೊರಗಿನಿಂದ ಬಂದು ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ನನ್ನ ಮಗಳು ಅಂಥವಳಲ್ಲ ಎಂದು ಬೀದಿಯಲ್ಲೆಲ್ಲ ಹೇಳಿ ಬಂದೆ ಎಂದರು. ಲಕೋಟೆ ಬೀರುವಿನ ಅರೆಗೆ ಹಾಸಿದ್ದ ಹಳೆಯ ಪೇಪರಿನ ಅಡಿ ಸೇರಿತು. ಇವತ್ತು ಇಪ್ಪತ್ತೊಂದನೆಯ ದಿನ.

ನಡುವೆ ತಾಯಿ ಗೊತ್ತುಮಾಡಿದ ವಕೀಲರು ಬಂದಿದ್ದರು. ಕೆಟ್ಟ ಮನುಷ್ಯರೇನಲ್ಲ. ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮ ಮೈ ಮುಟ್ಟುವವರು ಯಾರು? ಮಾಲೀಶು ಮಾಡುವ ಅಕ್ಕ ಒಬ್ಬರಿದ್ದಾರೆ ಎಂದಳು. ಗ್ಲೌಸು ಹಾಕುತ್ತಾರೆಯೇ? ಇಲ್ಲ. ಬೆರಳಿಗೆ ಏನಾದರೂ ಮುಲಾಮು? ಚಳಿಗಾಲದಲ್ಲಿ ಹಚ್ಚಿಕೊಳ್ಳುತ್ತಾರೆ. ವಕೀಲರು ಕನ್ನಡಕ ತೆಗೆದು ಒರೆಸಿಕೊಂಡರು. ಮುಲಾಮಿನಲ್ಲಿದ್ದ ಔಷಧ ಅವರ ಕೈಯಿಂದ ನಿಮ್ಮ ಚರ್ಮಕ್ಕೆ ಇಳಿದಿದೆ, ಹಾಗೆ ಆಗುವುದುಂಟು ಎಂದು ವಿವರಿಸಿದರು. ಆಕೆ ಆಟಗಾರ್ತಿ ಅಲ್ಲ, ಆಕೆಗೆ ಶಿಕ್ಷೆಯಿಲ್ಲ. ನಿಮಗೆ ನಾಲ್ಕು ವರ್ಷದ ನಿಷೇಧ ನಾಲ್ಕು ತಿಂಗಳಿಗೆ ಇಳಿಯುತ್ತದೆ. ಇದರಲ್ಲಿ ಯಾರಿಗೆ ನಷ್ಟ ಎಂದು ಕೇಳಿದರು. ಅವಳು ಸುಮ್ಮನಿದ್ದಳು. ವಕೀಲರು ಅದನ್ನೇ 'ಹೂಂ' ಎಂದುಕೊಂಡರು. ಹಾಗೆ ಅಂದುಕೊಳ್ಳಲಿ ಎಂದೇ ಅವಳು ಸುಮ್ಮನಿದ್ದಳು.

ಕ್ರೀಡಾಂಗಣದ ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯಲ್ಲಿ ಆ ಅಕ್ಕ ಮೂವತ್ತು ವರ್ಷದಿಂದ ಓಟಗಾರರ ಕಾಲು ತಿಕ್ಕುತ್ತಿದ್ದರು. ಕಣ್ಣು ಮುಚ್ಚಿ ಮೀನಖಂಡದ ಮೇಲೆ ಹೆಬ್ಬೆರಳು ಊರಿ, "ನಾಳೆ ಬಲ ಮಂಡಿ ತಕರಾರು ತೆಗೆಯುತ್ತೆ, ನಿಧಾನ ಓಡು" ಎನ್ನುವರು. ಮರುದಿನ ಮಂಡಿ ತಕರಾರು ತೆಗೆಯುತ್ತಿತ್ತು. ಹೊಸದಾಗಿ ಬಂದ ಕ್ರೀಡಾ ವೈದ್ಯ ಗ್ಲೌಸಿನ ಪೆಟ್ಟಿಗೆಯನ್ನೇ ತಂದುಕೊಟ್ಟಿದ್ದ. ರಬ್ಬರು ಅಡ್ಡ ಬಂದರೆ ಸ್ನಾಯು ನನ್ನ ಜೊತೆ ಮಾತಾಡಲ್ಲ ಎಂದು ಅವರು ಅದರ ಮೇಲೆ ಟವಲು ಜೋಡಿಸಿಟ್ಟುಕೊಂಡಿದ್ದರು.

ವಕೀಲರ ಮಾತು ಕೇಳಿಸಿಕೊಂಡ ತಾಯಿ ಮರುದಿನವೇ ಬಸ್ ನಿಲ್ದಾಣದಲ್ಲಿ ಆ ಅಕ್ಕನನ್ನು ಅಡ್ಡಗಟ್ಟಿ, ನನ್ನ ಮಗಳ ಬಾಳಿಗೆ ಬೆಂಕಿ ಇಟ್ಟ ಕೈ ಇದು ಎಂದು ನಾಲ್ಕು ಜನರ ಮುಂದೆ ಅಂದುಬಂದಿದ್ದರು. ಅಂದದ್ದನ್ನು ಮನೆಯಲ್ಲಿ ಹೆಮ್ಮೆಯಿಂದಲೇ ಹೇಳಿದ್ದರು. ಮಗಳು ಆವತ್ತೂ ಸುಮ್ಮನಿದ್ದಳು.

ಮೂರೂವರೆಯ ಹೊತ್ತಿಗೆ ವಕೀಲರ ಫೋನು ಬಂತು. ಮಾಲೀಶಿನವರ ಹೇಳಿಕೆ ಅಂಚೆ ಕಚೇರಿ ಮುಚ್ಚುವುದರೊಳಗೆ ಬರಹದಲ್ಲಿ ಕೈಗೆ ಸಿಗಬೇಕು, ಅವರಿಗೂ ಹೇಳಿದ್ದೇನೆ ಎಂದರು. ಅವಳು ಫೋನು ಇಡುವಾಗಲೇ ಬಾಗಿಲಲ್ಲಿ ಆ ಅಕ್ಕ ನಿಂತಿದ್ದರು. ಎರಡೂ ಕೈ ಸ್ವೆಟರಿನ ಜೇಬಿನಲ್ಲಿ. ತಾಯಿ ಮುಖ ತಿರುಗಿಸಿ ಇಸ್ತ್ರಿ ಮೇಜಿನ ಮೇಲೆ ನೀರು ಚಿಮುಕಿಸತೊಡಗಿದರು.

"ಒಳಗೆ ಬರಲಾ, ಕಡ್ಡಿ?"

"ಬನ್ನಿ ಅಕ್ಕ."

"ವಕೀಲರು ಬರ್ಕೊಡಿ ಅಂದ್ರು. ಬರ್ಕೊಡೋಕೇ ಬಂದಿದೀನಿ. ನಾನು ಬರೆದ್ರೆ ಕೋಳಿ ಕೆದರಿದ ಹಾಗಿರುತ್ತೆ. ನೀನೇ ಬರಿ, ಕೆಳಗೆ ನನ್ನ ಸಹಿ ನಾನು ಹಾಕ್ತೀನಿ."

ಅವರು ಜೇಬಿನಿಂದ ಕೈ ತೆಗೆದಾಗ ಅವಳು ಬೆಚ್ಚಿದಳು. ಎಣ್ಣೆಯಲ್ಲಿ ಪಳಗಿ ನುಣುಪಾಗಿದ್ದ ಆ ಅಂಗೈಗಳು ಒಣಗಿ, ಬೆಳ್ಳಗೆ ಬಿಳಿಚಿಕೊಂಡು, ಬೆರಳ ಸಂದುಗಳಲ್ಲಿ ಕೆಂಪಗೆ ಸೀಳಿದ್ದವು. ತೊಳೆದು ತೊಳೆದು ಹಾಗಾಗಿದೆ ಎಂದರು ಅಕ್ಕ. ಎರಡು ವಾರದಿಂದ ಅವರು ಯಾರನ್ನೂ ಮುಟ್ಟಿರಲಿಲ್ಲ. ಅಷ್ಟೇ ಅಲ್ಲ, ತಮ್ಮ ಬಳಿ ಬರುತ್ತಿದ್ದ ಹನ್ನೊಂದು ಮಂದಿ ಓಟಗಾರರ ಮನೆಗೂ ತಾವೇ ಹೋಗಿ, ನನ್ನ ಕೈಯಲ್ಲಿ ದೋಷವಿದೆಯಂತೆ, ನೀವೂ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಹೇಳಿ ಬಂದಿದ್ದರು. ಒಂದು ಮನೆಯಲ್ಲಿ ಬಾಗಿಲು ಮುಖಕ್ಕೇ ಬಡಿದರಂತೆ. ಅವರದ್ದೂ ತಪ್ಪಲ್ಲ, ಮಕ್ಕಳ ಭವಿಷ್ಯ ಎಂದರು.

ಆಮೇಲೆ ಒಂದು ಸಣ್ಣ ಮುಲಾಮಿನ ಟ್ಯೂಬನ್ನು ಮೇಜಿನ ಮೇಲಿಟ್ಟರು.

"ಇದೇ ನೋಡು. ಅಕ್ಷರ ಇರುವೆ ಸಾಲಿನ ಹಾಗಿದೆ, ನನಗೆ ಕಾಣಲ್ಲ. ಆ ವಿಷ ಎಲ್ಲಿದೆ ಓದು."

ಆ ಔಷಧದ ಉದ್ದನೆಯ ಹೆಸರು ಅವಳಿಗೆ ಬಾಯಿಪಾಠವಾಗಿತ್ತು. ಟ್ಯೂಬನ್ನು ಬೆಳಕಿಗೆ ಹಿಡಿದು ಓದಿದಳು. ಮೇಣ, ಗ್ಲಿಸರಿನ್, ಒಂದಿಷ್ಟು ಸುವಾಸನೆ. ಬಿರಿದ ಹಿಮ್ಮಡಿಗೆ ಯಾರು ಬೇಕಾದರೂ ಹಚ್ಚಿಕೊಳ್ಳುವಂಥದ್ದು.

"ಇದರಲ್ಲಿ ಇಲ್ಲ ಅಕ್ಕ."

ಅಕ್ಕನ ಮುಖ ಅರಳಬೇಕಿತ್ತು. ಅರಳಲಿಲ್ಲ. ಅವರು ಗಂಭೀರವಾಗಿ ಯೋಚಿಸಿದರು.

"ಹಾಗಿದ್ರೆ ಹಿಂದಿನ ಟ್ಯೂಬು. ಇದರಲ್ಲಿ ಇಲ್ಲದಿದ್ರೆ ಹಳೇದು ಎಸೆದೆ ಅಂತ ಬರೀಬಹುದು ಅಂದ್ರು ವಕೀಲರು. ಹೌದು, ಒಂದನ್ನ ಎಸೆದಿದ್ದೆ. ಅದರಲ್ಲೇ ಇದ್ದಿರಬೇಕು. ಇಲ್ಲದಿದ್ರೆ ನಿನ್ನ ಮೈಗೆ ಹೇಗೆ ಬರುತ್ತೆ? ನೀನಂತೂ ತಗೊಂಡಿರಲ್ಲ."

ಅವರು ಅದನ್ನು ಅನುಮಾನಕ್ಕೆ ಹೇಳಲಿಲ್ಲ, ಕೊಂಕಿಗೂ ಹೇಳಲಿಲ್ಲ. ಸೂರ್ಯ ಈ ಕಡೆ ಹುಟ್ಟುತ್ತಾನೆ ಎನ್ನುವ ಹಾಗೆ ಹೇಳಿದರು.

"ಇನ್ನೊಂದು ವಿಷಯ ಹೇಳ್ತೀನಿ, ಇದನ್ನ ಬರೀಬೇಡ," ಎಂದು ಅಕ್ಕ ತಲೆ ತಗ್ಗಿಸಿದರು. "ಹರಿದ ಆ ಸ್ನಾಯು ಅಷ್ಟು ಬೇಗ ಕೂಡಿಕೊಂಡಾಗ ನಾನು ಬೀಗಿಬಿಟ್ಟೆ ಕಣೆ. ಮೂವತ್ತು ವರ್ಷದಲ್ಲಿ ಅಷ್ಟು ಬೇಗ ಯಾವುದೂ ಕೂಡಿರಲಿಲ್ಲ. ನನ್ನ ಕೈಗುಣ, ಈಗ ಹಣ್ಣಾಗಿದೆ ಅಂತ ಬಸ್ಸಲ್ಲಿ ಒಬ್ಬಳೇ ನಕ್ಕೊಂಡು ಹೋದೆ. ಆ ಸೊಕ್ಕಿಗೇ ಹೀಗಾಯ್ತು. ಗ್ಲೌಸು ಹಾಕು ಅಂತ ಆ ಡಾಕ್ಟರು ಎಷ್ಟು ಹೇಳಿದ."

ನಲವತ್ತು ಸಾವಿರ ಜನ ತನಗಾಗಿ ಎದ್ದು ನಿಂತದ್ದನ್ನು ಕಡ್ಡಿ ಕಂಡಿದ್ದಳು. ದೇಶದ ಬಾವುಟ ತನ್ನ ಓಟಕ್ಕೆ ಮೇಲೇರಿದ್ದನ್ನು ಕಂಡಿದ್ದಳು. ಆಗೆಲ್ಲ ಬರದ ಒಂದು ನಡುಕ ಈಗ ಅವಳ ಮೈಯಲ್ಲಿ ಹಾದುಹೋಯಿತು. ಪುರಾವೆ ಅಂಗೈಯಲ್ಲಿದ್ದೂ ಇಪ್ಪತ್ತೊಂದು ದಿನದಲ್ಲಿ ತಾನು ಎತ್ತಲಾಗದ ಭಾರವನ್ನು ಈ ಮುದುಕಿ, ಯಾವ ಪುರಾವೆಯೂ ಇಲ್ಲದೆ, ಬಸ್ ನಿಲ್ದಾಣದಲ್ಲಿ ಕೇಳಿದ ಒಂದು ಮಾತಿಗೆ ಹೆಗಲಿಗೇರಿಸಿಕೊಂಡು ಹನ್ನೊಂದು ಮನೆ ಸುತ್ತಿ ಬಂದಿದ್ದಾಳೆ. ಬೆಟ್ಟದ ಬುಡದಲ್ಲಿ ನಿಂತು ಕತ್ತೆತ್ತಿದವರಿಗೆ ಹೇಗಾಗುತ್ತದೋ ಹಾಗಾಯಿತು ಅವಳಿಗೆ.

ಅವಳು ಒಳಗೆ ಹೋಗಿ ಬೀರುವಿನ ಪೇಪರು ಎತ್ತಿದಳು. ಲಕೋಟೆ ತಂದು ಇಬ್ಬರ ಮುಂದೆಯೇ ಹರಿದು, ಫಾರಂ ಬಿಡಿಸಿ, ಆ ನಾಲ್ಕು ಸಾಲಿನ ಕೆಳಗೆ ಇನ್ನೆರಡು ಸಾಲು ಬರೆದಳು. ಬರೆದು ಗಟ್ಟಿಯಾಗಿ ಓದಿದಳು.

"ಮಾತ್ರೆಗಳನ್ನು ನಾನೇ ತಿಳಿದು ತೆಗೆದುಕೊಂಡೆ. ಯಾರೂ ಬಲವಂತ ಮಾಡಲಿಲ್ಲ. ಗೊತ್ತಿಲ್ಲ ಎಂದು ಹೇಳಿದ್ದು ಸುಳ್ಳು. ಕೊನೆಯ ಪದಕ ನನ್ನದಲ್ಲ, ಎರಡನೆಯವಳಾಗಿ ಬಂದವಳದು. ನನಗೆ ಮಾಲೀಶು ಮಾಡುವವರ ಕೈಗಳಿಂದ ಏನೂ ಆಗಿಲ್ಲ. ನಾನು ಕಂಡ ಅತ್ಯಂತ ಶುದ್ಧವಾದ ಕೈಗಳು ಅವು."

ತಾಯಿಯ ಕೈಯಲ್ಲಿದ್ದ ನೀರಿನ ಬಾಟಲಿ ಹಾಗೇ ನಿಂತಿತು. "ನಾಲ್ಕು ವರ್ಷ ಕಣೆ," ಎಂದರು ಸಣ್ಣ ದನಿಯಲ್ಲಿ. "ಮೂವತ್ತೈದಾಗುತ್ತೆ ನಿನಗೆ. ಆಮೇಲೆ ಯಾರು ಓಡಿಸ್ತಾರೆ?"

"ಯಾರೂ ಓಡಿಸಲ್ಲಮ್ಮ."

ಅಕ್ಕ ಸಮಾಧಾನ ಪಡಲಿಲ್ಲ. ಅವರಿಗೆ ಸಿಟ್ಟು ಬಂದಿತ್ತು. "ಇನ್ನೆರಡು ತಿಂಗಳು ಕೇಳಿತ್ತು ಆ ಸ್ನಾಯು, ಬರೀ ಎರಡು ತಿಂಗಳು. ನಾನು ವಾಸಿ ಮಾಡ್ತಿದ್ದೆ. ನನ್ನ ಹತ್ರ ಹದಿನಾಲ್ಕು ವರ್ಷ ಮಲಗಿದೋಳು, ಒಂದು ಮಾತು ಹೇಳಬಾರದಾಗಿತ್ತಾ? ನಾನು ಹನ್ನೊಂದು ಬಾಗಿಲು ತಟ್ಟಿದೆ ಕಡ್ಡಿ."

"ಆ ಹನ್ನೊಂದು ಬಾಗಿಲನ್ನೂ ನಾಳೆ ನಾನು ತಟ್ತೀನಿ ಅಕ್ಕ. ನಿಜ ಹೇಳಿ ಬರ್ತೀನಿ."

"ಒಂದರಲ್ಲಿ ನಾಯಿ ಇದೆ," ಎಂದರು ಅಕ್ಕ, ಸಿಟ್ಟಿನಲ್ಲೇ.

ಗೋಡೆ ಗಡಿಯಾರದಲ್ಲಿ ನಾಲ್ಕು ಗಂಟೆ ಹದಿನೆಂಟು ನಿಮಿಷ. ಅಂಚೆ ಕಚೇರಿಯ ಕಿಟಕಿ ನಾಲ್ಕೂವರೆಗೆ ಮುಚ್ಚುತ್ತದೆ. ಅವಳು ಹೊಸ ಲಕೋಟೆ ಹುಡುಕಿ, ವಿಳಾಸ ಬರೆದು, ಅಂಟಿಸಿ ಎದ್ದಾಗ ತಾಯಿ ಇಸ್ತ್ರಿ ಮೇಜು ಬಿಟ್ಟು ಈಚೆ ಬಂದಿದ್ದರು. ಬಸ್ ನಿಲ್ದಾಣದಲ್ಲಿ ಅಷ್ಟು ಸಲೀಸಾಗಿ ಆಡಿದ್ದವರು ಈಗ ಅಕ್ಕನ ಮುಖ ನೋಡಲಿಲ್ಲ. ಕುರ್ಚಿ ಎಳೆದು ಅಕ್ಕನಿಗೆ ಬೆನ್ನು ಕೊಟ್ಟು ಕುಳಿತರು. ರವಿಕೆಯ ತೋಳು ಸರಿಸಿಕೊಂಡರು.

"ಈ ಭುಜ ಹಿಡ್ಕೊಂಡು ಆರು ತಿಂಗಳಾಯ್ತು," ಎಂದರು ಗೋಡೆಯ ಕಡೆ ನೋಡುತ್ತ. "ನಿಮ್ಮ ಕೈ ಸ್ವಲ್ಪ ಇಡ್ತೀರಾ?"

ಅಕ್ಕ ತಮ್ಮ ಬಿರಿದ ಅಂಗೈಗಳನ್ನು ಒಮ್ಮೆ ನೋಡಿಕೊಂಡರು. ಎರಡು ವಾರ ಯಾರನ್ನೂ ಮುಟ್ಟದ ಕೈ ಗಾಳಿಯಲ್ಲಿ ತುಸು ತಡೆದು, ಮೆಲ್ಲಗೆ ಆ ಭುಜದ ಮೇಲೆ ಇಳಿಯಿತು. ಕಣ್ಣು ತಾನಾಗಿ ಮುಚ್ಚಿಕೊಂಡಿತು. ಫೋನು ಮತ್ತೆ ಬಡಿದುಕೊಂಡಿತು. ಕಡ್ಡಿ ಹೊಸ್ತಿಲು ದಾಟುವಾಗ ತಾಯಿ ಕುಳಿತಲ್ಲಿಂದಲೇ ವಕೀಲರಿಗೆ ಹೇಳುತ್ತಿದ್ದುದು ಕೇಳಿಸಿತು: ಅವಳಿಲ್ಲ, ಅಂಚೆ ಕಚೇರಿಗೆ ಹೋದಳು, ಇನ್ನು ನೀವು ತೊಂದರೆ ತಗೋಬೇಡಿ.

ಬೀದಿಯಲ್ಲಿ ಅವಳು ಮೊದಲು ನಡೆದಳು. ಮೂರು ವಾರದಿಂದ ಅವಳು ಓಡಿರಲಿಲ್ಲ. ಓಡುವುದನ್ನು ಯಾರಾದರೂ ನೋಡಿಯಾರು ಎಂಬ ನಾಚಿಕೆ. ಈಗ ಹೊತ್ತಿರಲಿಲ್ಲ. ರಬ್ಬರ್ ಚಪ್ಪಲಿಯಲ್ಲೇ ಓಡಿದಳು. ಕ್ಷೌರದಂಗಡಿಯವನು ಕತ್ತರಿ ಹಿಡಿದೇ ಹೊರಗೆ ಬಂದ. ಹಾಲಿನ ಅಂಗಡಿಯ ಮುಂದೆ ನಿಂತಿದ್ದವರು ಏನೋ ಅಂದರು, ಯಾರೋ ನಕ್ಕರು. ತೊಡೆಯ ಹಿಂದೆ, ಮಾತ್ರೆ ಮುಚ್ಚಿಟ್ಟಿದ್ದ ಹಳೆಯ ನೋವು ಹೆಜ್ಜೆ ಹೆಜ್ಜೆಗೂ ಚುಚ್ಚಿತು. ಅದು ತನ್ನದೇ ನೋವು, ತನ್ನದೇ ಕಾಲು ಎಂದು ಅವಳಿಗೆ ಬೆರಗಾಯಿತು. ಕುಂಟುತ್ತಲೇ ಓಡಿದಳು.

ಕಿಟಕಿಯ ಅರ್ಧ ಬಾಗಿಲು ಮುಚ್ಚಿತ್ತು. ಗುಮಾಸ್ತ ಅವಳ ಮುಖ ಗುರುತು ಹಿಡಿದ, ಲಕೋಟೆಯ ಮೇಲಿನ ವಿಳಾಸ ಓದಿದ, ಏನೋ ಕೇಳಲು ಹೊರಟು ಬಿಟ್ಟುಬಿಟ್ಟ. ತೂಕ ಮಾಡಿ, ಚೀಟಿ ಅಂಟಿಸಿ, ತಾರೀಕಿನ ಮುದ್ರೆಯನ್ನು ಎರಡು ಸಲ ಒತ್ತಿದ.

"ಕೊನೇ ಗಳಿಗೆಗೆ ಬಂದ್ರಲ್ಲ. ಅರ್ಜೆಂಟಾ?"

"ಇಪ್ಪತ್ತೊಂದು ದಿನ ತಡ ಆಗಿದೆ," ಎಂದಳು ಅವಳು, ಏದುಸಿರಿನ ನಡುವೆ.

ಗುಮಾಸ್ತ ಲಕೋಟೆಯನ್ನು ಚೀಲಕ್ಕೆ ಹಾಕಿ, ಬಾಯಿಗೆ ದಾರ ಬಿಗಿದು, ಹಿಂಬಾಗಿಲಲ್ಲಿ ಕಾಯುತ್ತಿದ್ದ ವ್ಯಾನಿನವನ ಕೈಗೆ ಕೊಟ್ಟ. ವ್ಯಾನು ತಿರುವು ದಾಟಿ ಕಣ್ಮರೆಯಾಗುವವರೆಗೂ ಅವಳು ಅಲ್ಲೇ ನಿಂತಿದ್ದಳು.